ಸೋದರಮಾವನ ಫಟಫಟಿ

ದುರ್ಗಪ್ಪ ಊಟ ಬಿಟ್ಟಾನು, ಫಟಫಟಿ ಬಿಡಲಾರ. ಸೊಲ್ಲಾಪುರದ ಬಟ್ಟೆ ಗಿರಣಿಯ ಕೆಲಸಗಾರರ ಚಾಳಿನಲ್ಲಿ ಇದು ಗಾದೆಯೇ ಆಗಿಹೋಗಿತ್ತು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಲಿಲಾವು ಹಾಕಿದ ಅಮೆರಿಕದ ಮೋಟಾರ್‌ಸೈಕಲ್ಲು ಅದು. ಎಮ್ಮೆಯಷ್ಟು ಭಾರ, ಇಬ್ಬರು ಆರಾಮಾಗಿ ಕೂಡುವಷ್ಟು ಅಗಲದ ಸೀಟು. ೧೯೫೮ಕ್ಕೆ ಅದು ಅವನ ಕೈಸೇರಿ ಹನ್ನೊಂದು ವರ್ಷ. ಬಿಡಿಭಾಗ ಎಲ್ಲೂ ಸಿಗುತ್ತಿರಲಿಲ್ಲ. ದುರ್ಗಪ್ಪ ಮಗ್ಗ ರಿಪೇರಿಯವನಲ್ಲವೇ, ಮುರಿದಲ್ಲಿ ಮಗ್ಗದ ಸ್ಪ್ರಿಂಗು, ಹರಿದಲ್ಲಿ ಮಗ್ಗದ ತೊಗಲು ಹಾಕಿದ. ಈಗ ಗಾಡಿ ಅರ್ಧ ಅಮೆರಿಕ, ಅರ್ಧ ಗಿರಣಿ.

ಅಕ್ಕಲಕೋಟದಲ್ಲಿದ್ದ ಅಕ್ಕನ ಗಂಡ ಭಗವಂತನಿಗೆ ಮಾತ್ರ ಅದನ್ನು ಕಂಡರಾಗದು. ಅವನ ಮಗಳ ನಿಶ್ಚಯದ ದಿನ ಗಾಡಿ ದಾರಿಯಲ್ಲಿ ಕೆಟ್ಟು, ಎಲೆ-ಅಡಿಕೆ ಹಂಚಿ ಮುಗಿದ ಮೇಲೆ ದುರ್ಗಪ್ಪ ಬಂದು ಮುಟ್ಟಿದ್ದ.

"ಲಗ್ನಕ್ಕರೆ ಬಸ್ಸಿಗೆ ಬಾರಪಾ. ಸ್ವಾದರಮಾವ ಹುಡುಗಿ ಹಿಂದ ನಿಲ್ಲಲಾರದ ಅಕ್ಷತಿ ಬೀಳೂದಿಲ್ಲ," ಎಂದ ಭಗವಂತ.

"ಫಟಫಟಿ ಮ್ಯಾಲೇ ಬರ್ತೀನ್ರಿ. ತಡಾ ಆದ್ರ ಮರುದಿನಾನ ಮಾರತೀನಿ!"

ಎಲುಬಿಲ್ಲದ ನಾಲಗೆ ನೋಡಿ, ಹತ್ತು ಮಂದಿಯ ಮುಂದೆ ಆಡಿಬಿಟ್ಟಿತು.

ಲಗ್ನ ಗೋಧೂಳಿ ಮುಹೂರ್ತಕ್ಕೆ. ಎರಡು ಗಂಟೆಗೇ ಹೆಂಡತಿ ಭಾಗಾಬಾಯಿ ಗಾಡಿಗೆ ಪೂಜೆ ಮಾಡಿದಳು. ಪೆಟ್ರೋಲ್ ಟಾಕಿಯ ಮುಚ್ಚಳಕ್ಕೆ ಕಲಸಿದ ಅರಿಶಿನ-ಕುಂಕುಮವನ್ನು ಬೆರಳು ತುಂಬ ಮೆತ್ತಿ, ಗಂಡನ ಹಿಂದೆ ಹತ್ತಿ ಕೂತಳು. ಊರು ದಾಟಿದ್ದೇ ಗಾಡಿ ಗುಡುಗಿತು! ಎತ್ತುಗಳು ಬೆದರಿದವು, ಜೋಳದ ಹೊಲದವರು ಎದ್ದು ನೋಡಿದರು. ದುರ್ಗಪ್ಪ ಹಿಗ್ಗಿ ಹೀರೆಕಾಯಿಯಾದ.

ಕುಂಭಾರಿ ದಾಟಿದ ಮೇಲೆ ಗಾಡಿ ನಿಂತಿತು. ಮುಚ್ಚಳ ತೆಗೆದು ನೋಡಿದರೆ ಪೆಟ್ರೋಲ್ ಇದೆ. ಮುಚ್ಚಿ ಒದ್ದ, ಹೊರಟಿತು. ಎರಡು ಮೈಲಿಗೆ ಮತ್ತೆ ನಿಂತಿತು. ಪ್ಲಗ್ ಒರೆಸಿದ, ಕಾರ್ಬುರೇಟರ್ ಬಿಚ್ಚಿದ. ಹೊತ್ತು ಇಳಿಯುತ್ತಿತ್ತು. ಹನ್ನೊಂದು ವರ್ಷದ ಒಡನಾಟ ನಾಳೆಗೆ ಮುಗಿಯಿತೆಂದು ಅವನಿಗೆ ಅಳುವೇ ಬಂತು.

ನಾಲ್ಕನೆಯ ಸಲ ಮುಚ್ಚಳ ತಿರುಗಿಸಿದಾಗ 'ಫುಸ್' ಎಂದು ಗಾಳಿ ಒಳಗೆ ಹೋಯಿತು. ದುರ್ಗಪ್ಪ ಮುಚ್ಚಳವನ್ನು ಬೆಳಕಿಗೆ ಹಿಡಿದ. ಸಾಸಿವೆಯಷ್ಟು ಸಣ್ಣ ಗಾಳಿತೂತಿನ ತುಂಬ ಅರಿಶಿನ ಒಣಗಿ ಕೂತಿತ್ತು; ಗಾಳಿ ಒಳಹೋಗದೆ ಪೆಟ್ರೋಲ್ ಕೆಳಗಿಳಿಯುತ್ತಿರಲಿಲ್ಲ.

"ಅಯ್ಯ, ನನ್ನ ಪೂಜಾನ ಮುಳುವಾತಲ್ಲರಿ!" ಭಾಗಾಬಾಯಿ ಹಣೆ ಬಡಿದುಕೊಂಡಳು.

"ಮೂಗು ಮುಚ್ಚಿ ಪೂಜಾ ಮಾಡಿದ್ರ ಅದಾದ್ರೂ ಹೆಂಗ ಉಸರಾಡಬೇಕು? ತಾ, ಸೆರಗಿನ ಪಿನ್ನ ತಾ!"

ತೂತು ಬಿಚ್ಚಿತು. ಆಮೇಲೆ ಗಾಡಿ ಓಡಿದ್ದಲ್ಲ, ಹಾರಿತು. ವಳಸಂಗ ಬಂದದ್ದೂ ಹೋದದ್ದೂ ಭಾಗಾಬಾಯಿಗೆ ತಿಳಿಯಲಿಲ್ಲ, ಅವಳು ಕಣ್ಣು ಮುಚ್ಚಿದ್ದಳು.

ಅಕ್ಕಲಕೋಟ ಮುಟ್ಟಿದಾಗ ಸೂರ್ಯ ಮುಳುಗಿದ್ದ. ಹಂದರದಿಂದ ಮಂಗಲಾಷ್ಟಕ ಕೇಳುತ್ತಿತ್ತು. ಆದರೆ ಅದೇನು ಧ್ವನಿ, ಏನು ರಾಗ! ದುರ್ಗಪ್ಪ ಮಂದಿಯನ್ನು ಸರಿಸಿ ಒಳಗೆ ನುಗ್ಗಿದ. ಹಾಡುತ್ತಿದ್ದವನು ಭಗವಂತ! ಭಜನೆಯಲ್ಲೂ ಬಾಯಿ ಬಿಡದ ಆಸಾಮಿ, ಬೆವರು ಸುರಿಸುತ್ತ, ದಾರಿಯ ಕಡೆ ನೋಡುತ್ತ, ಬಾಯಿಗೆ ಬಂದದ್ದನ್ನು ಜೋಡಿಸಿ ಹಾಡುತ್ತಿದ್ದ.

"ಭಟ್ಟರ ಎಂಟೂ ಪದ್ಯ ಮುಗದು ಬಾಳ ಹೊತ್ತಾತು," ಎಂದಳು ಅಕ್ಕ ರಖಮಾಬಾಯಿ. "ಇವ್ರು ಕಟ್ಟಿ ಹಾಡೂದು ಇದು ಐದನೇದು. ಮುಗಸಿದ್ರ ನೀ ಬರೂದ್ರೊಳಗ ಅಕ್ಷತಿ ಬೀಳ್ತಾವಲ್ಲ!"

ದುರ್ಗಪ್ಪ ಓಡಿಹೋಗಿ ಹುಡುಗಿಯ ಹಿಂದೆ ನಿಂತ. ಭಗವಂತ "ಸಾವಧಾನ!" ಎಂದು ಉಸಿರು ಬಿಟ್ಟ. ಅಕ್ಷತೆ ಬಿದ್ದವು.

ಆಮೇಲೆ ಭಗವಂತ ಹತ್ತಿರ ಬಂದು, ಬಿದ್ದುಹೋದ ಗಂಟಲಲ್ಲಿ ಗದರಿದ:

"ನಾಳಿ ಅದನ್ನ ಮಾರಿದಿ ಅಂದ್ರ ನೋಡು ಮತ್ತ. ಅದನ್ನ ಉಳಸಾಕ ನಾ ಹಾಡೇನಿ!"