ಬರಗೇರಮ್ಮ ಬಲೂನು ಹತ್ತಿದ ಬೆಳಗು

ಬರಗೇರಮ್ಮನ ಗಂಟಲು ದೊಡ್ಡದು. ಹೊಸದುರ್ಗದ ಕಡೆಯ ಬಾಗೂರಿನಲ್ಲಿ ಹುಟ್ಟಿ ಹಿರಿಯೂರು ಸೀಮೆಯ ಯಲ್ಲದಕೆರೆಗೆ ಸೊಸೆಯಾಗಿ ಬಂದ ಹೊಸದರಲ್ಲಿ, 'ಹೆಣ್ಣಿನ ಮಾತು ಒಲೆ ಮುಂದೆ ಕೇಳಿದರೆ ಸಾಕು, ಊರ ಬಾಗಿಲಿಗೆ ಕೇಳಬೇಕಿಲ್ಲ' ಎಂದು ಅತ್ತೆ ಚುಚ್ಚಿದ್ದೇ ಚುಚ್ಚಿದ್ದು. ಅದೇ ಅತ್ತೆ ಒಂದು ಬೇಸಿಗೆ ಸೊಸೆಯ ಜೊತೆ ಕುರಿ ಹಿಂದೆ ಅಲೆದಳು. ಬದುವಿನ ಮೇಲೆ ನಿಂತು ಬರಗೇರಮ್ಮ ಒಮ್ಮೆ ಕೂಗಿದರೆ ಹೊಲದ ಆ ತುದಿಯ ಕುರಿಯೂ ಮೇವು ಬಿಟ್ಟು ತಲೆ ಎತ್ತುವುದನ್ನು ಕಣ್ಣಾರೆ ಕಂಡಳು. ಆಮೇಲೆ ಆ ಮಾತು ಎತ್ತಲಿಲ್ಲ.

ಸುಗ್ಗಿ ಮುಗಿದರೆ ಬರಗೇರಮ್ಮ ಮನೆಯಲ್ಲಿ ನಿಲ್ಲುವವಳಲ್ಲ. ಗಂಡ ತಿಪ್ಪೇರುದ್ರಪ್ಪನ ಜೊತೆ ಮಂದೆ ಹೊಡೆದುಕೊಂಡು ಹೊರಡುತ್ತಾಳೆ. ಯಾರದೋ ಹೊಲದಲ್ಲಿ ಕುರಿ ನಿಲ್ಲಿಸಿದರೆ ಹೊಲಕ್ಕೆ ಗೊಬ್ಬರ, ಇವರಿಗೆ ರಾಗಿ. ಕಟ್ಟಿಗೆ, ಪಾತ್ರೆ, ಕಂಬಳಿ, ನಡೆಯಲಾರದ ಎಳೆ ಮರಿಗಳು ಎಲ್ಲವೂ ಟಿವಿಎಸ್ ಗಾಡಿಯ ಮೇಲೆ. ಮೊಣಕಾಲು ನೋವಿನ ತಿಪ್ಪೇರುದ್ರಪ್ಪ ಗಾಡಿ ಓಡಿಸುತ್ತಾನೆ, ಹೆಂಡತಿ ನಡೆಯುತ್ತಾಳೆ. ಯಾರಾದರೂ ಅಯ್ಯೋ ಎಂದರೆ, 'ನಮ್ಮ ಯಜಮಾನ್ರು ಮರಿಗಳ ಜೊತೆಗೆ ಲೆಕ್ಕ' ಎಂದು ನಗುತ್ತಾಳೆ. ಈ ಜೋಡಿಯ ಬಾಳು ಹೀಗೇ ಸಾಗಿ ಬಂದಿತ್ತು.

ಈ ವರ್ಷದ ಚಳಿಗಾಲದಲ್ಲಿ ಅವರು ಜೋಗಿಮಟ್ಟಿ ಗುಡ್ಡಸಾಲಿನ ಬುಡದ ಹೊಲವೊಂದರಲ್ಲಿ ಬೀಡು ಬಿಟ್ಟಿದ್ದರು. ಒಂದು ಬೆಳಿಗ್ಗೆ ಮರಿಗಳಿಗೆ ಹಾಲು ಕುಡಿಸಿ, ಅವನ್ನು ಬಲೆ ಕಟ್ಟಿದ ರೊಪ್ಪದಲ್ಲಿ ಕೂಡಿ, ತಾಯಿಗಳನ್ನು ಮೇಯಲು ಹೊಡೆದಿದ್ದಳು. ಆಗ ಗುಡ್ಡದ ಹಿಂದಿನಿಂದ ಕೆಂಪು ಹಳದಿ ಪಟ್ಟೆಯ ಬಲೂನು ಎದ್ದು ಬಂತು. ಪ್ರವಾಸಿಗರನ್ನು ಹತ್ತಿಸಿ ತೋರಿಸುತ್ತಾರೆ ಎಂಬ ಸುದ್ದಿ ಅವಳಿಗೂ ಗೊತ್ತಿತ್ತು. ಹಣೆಗೆ ಕೈ ಹಚ್ಚಿ ನೋಡಿದಳು. ಚೆಂದವೇ ಕಂಡಿತು, ಸುಳ್ಳು ಯಾಕೆ ಹೇಳಬೇಕು.

ಬಲೂನು ಸರಿಯಾಗಿ ಮಂದೆಯ ನೆತ್ತಿಗೆ ಬಂದಾಗ ಅದರೊಳಗಿಂದ ಭುಸ್ಸೆಂದು ಬೆಂಕಿ ಎದ್ದಿತು. ಕೊರಳಿಗೆ ಗಂಟೆ ಕಟ್ಟಿದ ಮುಂದಾಳು ಟಗರು ಮೊದಲು ಹಾರಿತು. ಒಂದು ಕುರಿ ಹಳ್ಳಕ್ಕೆ ಬಿದ್ದರೆ ಸಾಲು ಕುರಿ ಬೀಳುತ್ತವೆ ಎನ್ನುವ ಗಾದೆ ಕಟ್ಟಿದವನು ಕುರಿ ಕಾದವನೇ ಇರಬೇಕು. ಬರಗೇರಮ್ಮ ಬಾಯಿ ತೆರೆಯುವುದರೊಳಗೆ ಇಡೀ ಮಂದೆ ಗುಡ್ಡದ ಜಾಲಿ ಪೊದೆಗಳಲ್ಲಿ ಕರಗಿಹೋಯಿತು.

ಅವತ್ತು ಹಗಲೆಲ್ಲ ಹುಡುಕಿದಳು. ಬಂಡೆ ಬಂಡೆ ಹತ್ತಿ ಕೂಗಿದಳು. ಆದರೆ ಆ ಕೊರಕಲುಗಳಲ್ಲಿ ಕೂಗು ಒಂದು ಬಂಡೆಗೆ ಬಡಿದು ಇನ್ನೊಂದರಿಂದ ಬರುತ್ತಿತ್ತು. ಒಡತಿ ಎಲ್ಲಿದ್ದಾಳೆಂದು ತಿಳಿಯದೆ ಕುರಿಗಳು ಇನ್ನೂ ಒಳಕ್ಕೆ ಹೋದವು. ಚಿರತೆ ಓಡಾಡುವ ಜಾಗ. ಅದಕ್ಕಿಂತ ದೊಡ್ಡ ಸಂಕಟ ರೊಪ್ಪದಲ್ಲಿತ್ತು. ಸಂಜೆ ಹಾಲಿಲ್ಲದೆ ಮರಿಗಳು ಅರಚುತ್ತಿದ್ದವು. ಗಂಜಿಯಲ್ಲಿ ಬೆರಳು ಅದ್ದಿ ಚೀಪಿಸಿದರೆ ಎಳೆಯವು ಮುಖ ತಿರುಗಿಸಿದವು. ನಾಳೆ ಮಧ್ಯಾಹ್ನದೊಳಗೆ ತಾಯಿಗಳು ಬಾರದಿದ್ದರೆ ಇವುಗಳಲ್ಲಿ ಎಷ್ಟೋ ಉಳಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ದೀಪ ಹಚ್ಚುವ ಹೊತ್ತಿಗೆ ಒಂದು ಜೀಪು ಬಂತು. ಓಡಿಸುತ್ತಿದ್ದವನು ಓಬಳೇಶ್ ಎಂಬವನು. ಪಕ್ಕದಿಂದ ಇಳಿದವನೇ ಬಲೂನು ಹಾರಿಸಿದ ನಿರಂಜನ್. ತಿಪ್ಪೇರುದ್ರಪ್ಪ ಮೊಣಕಾಲು ಮರೆತು ಕೋಲು ಎತ್ತಿದ.

"ಯಾವನಲೇ ನೀನು, ಬೆಂಕಿ ಕಕ್ಕಂತ ತಿರುಗೋನು?"

"ನಂದೇ ತಪ್ಪು ಯಜಮಾನ್ರೇ," ಎಂದ ನಿರಂಜನ್. ಕೋಲು ಕಂಡು ಹಿಂದೆ ಸರಿಯಲಿಲ್ಲ. "ಮರದ ಮರೆಗೆ ಮಂದೆ ಕಾಣ್ಲಿಲ್ಲ, ಚೆದುರಿ ಓಡಿದ ಮೇಲೇ ಕಂಡಿದ್ದು. ನಮ್ದೂ ಹೊಳಲ್ಕೆರೆ ಕಡೇನೇ, ಕುರಿ ಬೆಲೆ ಗೊತ್ತೈತೆ. ಬೆಳಿಗ್ಗೆ ಮೇಲಿಂದ ಹುಡುಕ್ತೀನಿ."

"ನೀನು ಹುಡುಕಿದ್ರೆ ಇನ್ನೊಂದು ಗುಡ್ಡ ಹತ್ತುತಾವೆ ಅಷ್ಟೇ," ಎಂದಳು ಬರಗೇರಮ್ಮ. "ಕರೆಯಾಕೆ ನಾನು ಬರ್ಬೇಕು. ನನ್ನೂ ಹತ್ತಿಸ್ಕ."

"ಲೇ, ತಲೆ ಕೆಟ್ಟೈತೇನೆ ನಿಂಗೆ?" ಎಂದ ಗಂಡ.

"ಮರಿ ಒದರೋದು ನಿಮಗೂ ಕೇಳ್ತಾ ಐತಲ್ರೀ. ಸುಮ್ನೆ ಕುಂತ್ಕಳಾಕೆ ನನ್ನ ಕೈಲಾಗಲ್ಲ."

ಮಾರನೆಯ ಬೆಳಿಗ್ಗೆ ಗುಡ್ಡದ ಮೇಲ್ಗಡೆಯ ಬಯಲಿನಲ್ಲಿ ಬಲೂನು ಊದಿ ನಿಲ್ಲಿಸಿದರು. ಮುಂಜಾನೆಯ ತಣ್ಣನೆ ಗಾಳಿ ಗುಡ್ಡದಿಂದ ಹೊಲಗಳ ಕಡೆಗೆ ಇಳಿಯುತ್ತದೆ, ಬಲೂನೂ ಅದರ ಜೊತೆಯೇ ಇಳಿಯುತ್ತದೆ ಎಂದು ನಿರಂಜನ್ ಹೇಳಿದ. ಬರಗೇರಮ್ಮ ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿ, ಬೆತ್ತದ ದೊಡ್ಡ ಬುಟ್ಟಿಯ ಕಿಂಡಿಗಳಲ್ಲಿ ಕಾಲಿಟ್ಟು ಹತ್ತಿದಳು. ಮೇಲೆ ಬೆಂಕಿ ಭೋರ್ಗರೆದಾಗ ಮನೆದೇವರನ್ನೆಲ್ಲ ನೆನೆದು ಕಣ್ಣು ಮುಚ್ಚಿದಳು. ಎಷ್ಟು ಹೊತ್ತಾದರೂ ಏನೂ ಆಗಲಿಲ್ಲ. ಜೋಲಿ ಇಲ್ಲ, ಕುಲುಕಾಟ ಇಲ್ಲ. ಕಣ್ಣು ತೆರೆದರೆ ಜೀಪು ಬೆಂಕಿಪೊಟ್ಟಣದಷ್ಟಾಗಿತ್ತು.

"ಗಾಳೀನೇ ಇಲ್ವಲ್ಲಪ್ಪ ಇಲ್ಲಿ?"

"ಐತೆ ಅವ್ವ. ನಾವೂ ಅದರ ಜೊತೇನೇ ಹೋಗ್ತಾ ಇದೀವಲ್ಲ, ಅದ್ಕೆ ಗೊತ್ತಾಗಲ್ಲ."

ಅವಳ ಬೆರಳುಗಳು ಬುಟ್ಟಿಯ ಅಂಚನ್ನು ಬಿಡದಿರುವುದನ್ನು ಕಂಡು ನಿರಂಜನ್ ಧೈರ್ಯಕ್ಕೆ ಕಥೆ ತೆಗೆದ. ಇನ್ನೂರು ವರ್ಷದ ಮೇಲಾಯಿತಂತೆ, ಫ್ರಾನ್ಸ್ ದೇಶದಲ್ಲಿ ಕಾಗದ ಮಾಡುವ ಮನೆತನದ ಅಣ್ಣತಮ್ಮಂದಿರು ದೊಡ್ಡ ಚೀಲಕ್ಕೆ ಹೊಗೆ ತುಂಬಿ ಹಾರಿಸಿದರಂತೆ. ಮನುಷ್ಯರು ಹತ್ತುವ ಮೊದಲು, ಮೇಲೆ ಹೋದರೆ ಜೀವ ಉಳಿಯುತ್ತದೋ ಇಲ್ಲವೋ ನೋಡೋಣವೆಂದು ರಾಜನ ಮುಂದೆ ಮೂರು ಪ್ರಾಣಿಗಳನ್ನು ಕಳಿಸಿದರಂತೆ. ಒಂದು ಬಾತುಕೋಳಿ, ಒಂದು ಹುಂಜ, ಒಂದು ಕುರಿ.

"ಕುರಿನಾ?" ಬರಗೇರಮ್ಮ ಅಂಚು ಬಿಟ್ಟು ತಿರುಗಿದಳು. "ಬದುಕ್ತಾ ಅದು?"

"ಬದುಕ್ತು. ಕಾಡಲ್ಲಿ ಇಳೀತಂತೆ. ಹೋಗಿ ನೋಡಿದ್ರೆ ಹುಲ್ಲು ತಿಂತಾ ನಿಂತಿತ್ತಂತೆ. ಆಮೇಲೆ ರಾಜ ಅದನ್ನ ಸಾಕ್ಕಂಡ."

"ಸದ್ಯ," ಎಂದಳು. ನಿಜವಾಗಿಯೂ ಸಮಾಧಾನವಾಗಿತ್ತು ಅವಳಿಗೆ. ಮತ್ತೆ ಕೇಳಿದಳು, "ಅದಕ್ಕೆ ಮರಿ ಇತ್ತಾ ಅಂತ ಯಾರಾದ್ರೂ ಕೇಳಿದ್ರಾ?"

ನಿರಂಜನ್‌ಗೆ ಅದು ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಹೇಳಿದ.

ಅವನು ಬೆಂಕಿ ನಿಲ್ಲಿಸಿದ. ಬಲೂನು ಸದ್ದಿಲ್ಲದೆ ಇಳಿಯತೊಡಗಿತು. ಆಗ ಬರಗೇರಮ್ಮನಿಗೆ ಕೆಳಗಿನ ಲೋಕ ಕೇಳಿಸಿತು. ಯಾವುದೋ ಹಟ್ಟಿಯ ಅಂಗಳದಲ್ಲಿ ಕಸ ಗುಡಿಸುವ ಸದ್ದು. ಯಾರದೋ ಕೆಮ್ಮು. ಸ್ಟಾರ್ಟ್ ಆಗದ ಬೈಕನ್ನು ಒದೆಯುತ್ತಿರುವ ಯಾರೋ ಪಾಪದವನು. ಪಕ್ಕದಲ್ಲೇ ನಿಂತು ಕೇಳಿದಂತೆ ಎಲ್ಲವೂ ಮೇಲಕ್ಕೆ ಬರುತ್ತಿದ್ದವು. ಅವುಗಳ ನಡುವೆ ಟಣ್ ಎಂದಿತು.

"ನಮ್ಮ ಟಗರಿನ ಗಂಟೆ!" ಎಂದಳು. ಆಮೇಲೆ ಬುಟ್ಟಿಯಿಂದ ಎದೆಮಟ್ಟ ಬಾಗಿ, ಹುಟ್ಟಿದಾಗಿನಿಂದ ಕೂಡಿಟ್ಟ ಉಸಿರನ್ನೆಲ್ಲ ಕೂಡಿಸಿ ಕೂಗಿದಳು. "ಹುರ್ರೋ... ಬಾ ಬಾ ಬಾ, ಬರ್ರವ್ವಾ...!"

ಈ ಸಲ ತಡೆಯಲು ಬಂಡೆಗಳಿರಲಿಲ್ಲ. ಕೊರಕಲಿನಿಂದ ಟಗರು ಈಚೆ ಬಂತು. ಅದರ ಹಿಂದೆ ನಾಲ್ಕು, ಆಚೆ ಪೊದೆಯಿಂದ ಒಂದು ಹಿಂಡು, ಇನ್ನೊಂದು ಕಡೆಯಿಂದ ಮತ್ತೊಂದು. ಎಲ್ಲವೂ ಎಡಕ್ಕೆ ನೋಡಿದವು, ಬಲಕ್ಕೆ ನೋಡಿದವು, ಹಿಂದಕ್ಕೆ ನೋಡಿದವು. ಮೇಲೆ ಮಾತ್ರ ಒಂದೂ ನೋಡಲಿಲ್ಲ. ಒಡತಿ ಆಕಾಶದಲ್ಲಿ ಇರಬಹುದೆಂದು ಯಾವ ಕುರಿ ತಾನೇ ಎಣಿಸೀತು! ಆದರೂ ದನಿ ಹೋದತ್ತ ಅವೂ ನಡೆದವು. ದನಿ ಹೊಲಗಳ ಕಡೆ ತೇಲುತ್ತಿತ್ತು.

"ಅವ್ವಾ, ಈಗ ಬೆಂಕಿ ಕೊಡ್ಲೇಬೇಕು," ಎಂದ ನಿರಂಜನ್. "ಇಲ್ಲಾಂದ್ರೆ ಬಂಡೆ ಮೇಲೆ ಕೂರ್ತೀವಿ."

"ಅಯ್ಯೋ, ಓಡಿಹೋಗ್ತಾವಲ್ಲಪ್ಪ!"

"ಬೇರೆ ದಾರಿ ಇಲ್ಲ."

ನಿನ್ನೆ ಮಂದೆ ಚೆದುರಿಸಿದ ಅದೇ ಸದ್ದು ಮತ್ತೆ ಎದ್ದಿತು. ಕುರಿಗಳು ಗಕ್ಕನೆ ನಿಂತವು. ಬರಗೇರಮ್ಮ ಕೂಗು ನಿಲ್ಲಿಸಲಿಲ್ಲ. ಬೆಂಕಿಯ ಅಬ್ಬರದ ಮೇಲೆ ತನ್ನ ಅಬ್ಬರ ಹಾಕಿ, ಗಂಟಲು ಹರಿಯುವಂತೆ ಕರೆದೇ ಕರೆದಳು. ಟಗರು ಒಂದು ಕಾಲು ಎತ್ತಿಕೊಂಡು ನಿಂತಿತ್ತು, ಓಡಲೋ ಬೇಡವೋ ಎಂಬಂತೆ. ಬೆಂಕಿ ನಿಂತಿತು. ಕೂಗು ನಿಲ್ಲಲಿಲ್ಲ. ಟಗರು ಆ ಕಾಲನ್ನು ಮುಂದಕ್ಕೆ ಇಟ್ಟಿತು. ಬರಗೇರಮ್ಮನಿಗೆ ಹೋದ ಜೀವ ಬಂದಂತಾಯಿತು. ಕೂಗುತ್ತಲೇ ಅಳುತ್ತಿದ್ದಳು.

ಕೊಯ್ಲಾದ ರಾಗಿ ಹೊಲದಲ್ಲಿ ಬುಟ್ಟಿ ನೆಲ ಮುಟ್ಟಿತು. ಅವಳು ಆಗಲೇ ಒಂದು ಕಾಲು ಹೊರಗೆ ಹಾಕಿದ್ದಳು.

"ಇಳೀಬೇಡಿ! ನಿಮ್ಮ ಭಾರ ಇಳಿದ್ರೆ ನಾನೊಬ್ಬನೇ ಮತ್ತೆ ಮೇಲಕ್ಕೆ ಹೋಗ್ತೀನಿ," ಎಂದು ನಿರಂಜನ್ ತೋಳು ಹಿಡಿದ.

"ಹೋಗಿ ಬಾರಪ್ಪ, ನಂಗೇನು," ಎಂದರೂ ಅವನು ಬಿಸಿಗಾಳಿ ಬಿಡುವ ತನಕ ತಡೆದು ನಿಂತಳು. ಗುಡ್ಡದಿಂದ ಇಳಿದ ಕುರಿಗಳು ಬುಟ್ಟಿಯ ಸುತ್ತ ಸೇರಿ ಅವಳ ಕಾಲು ಹುಡುಕುತ್ತಿದ್ದವು.

ರೊಪ್ಪದ ಬಳಿ ತಿಪ್ಪೇರುದ್ರಪ್ಪ ಬಲೆ ಬಿಚ್ಚಿಕೊಂಡು ಕಾಯುತ್ತಿದ್ದ. ಮಂದೆ ಬಂದದ್ದೇ ತಡ, ತಾಯಿಗಳ ದನಿ, ಮರಿಗಳ ದನಿ ಸೇರಿ ಕಿವಿ ತೂತಾಗುವ ಗದ್ದಲ ಎದ್ದಿತು. ಒಂದೊಂದು ಮರಿಯೂ ತನ್ನ ತಾಯಿಯನ್ನು ಮೂಸಿ ಹಿಡಿಯುತ್ತಿದ್ದಂತೆ ಒಂದೊಂದು ದನಿ ಕಡಿಮೆಯಾಯಿತು. ಕೊನೆಗೆ ಒಂದೇ ಉಳಿಯಿತು. ಕಪ್ಪು ಕಿವಿಯ ಮರಿ, ಹುಟ್ಟಿ ವಾರವೂ ಆಗಿರಲಿಲ್ಲ. ಅದರ ತಾಯಿ ಬಂದಿರಲಿಲ್ಲ. ಬೇರೆ ಕುರಿಗೆ ಹಚ್ಚಿದರೆ ಅದು ಒದೆಯಿತು. ತಿಪ್ಪೇರುದ್ರಪ್ಪ ಹೆಂಡತಿಯ ಮುಖ ನೋಡಲಿಲ್ಲ.

"ಇಷ್ಟು ಬಂದವಲ್ಲೇ. ಬೀಸೋ ದೊಣ್ಣೆ ತಪ್ತು ಅನ್ಕಾ," ಎಂದ ನೆಲ ನೋಡುತ್ತ.

"ಇದಕ್ಕೆ ತಪ್ಲಿಲ್ವಲ್ರೀ," ಎಂದಳು. ಮರಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಳು. ಕೂಗಿ ಕೂಗಿ ಗಂಟಲಲ್ಲಿ ಪಿಸುಮಾತಷ್ಟೇ ಉಳಿದಿತ್ತು. ಗುಡ್ಡಕ್ಕೆ ಮತ್ತೆ ಹೋಗಬೇಕೆಂದರೂ ಕರೆಯಲು ದನಿ ಇರಲಿಲ್ಲ.

ಬಿಸಿಲು ಏರುತ್ತಿದ್ದಾಗ ಜೀಪು ಬಂತು. ಹಿಂದೆ ಬಲೂನಿನ ಬಟ್ಟೆ ಬೆಟ್ಟದಂತೆ ಮಡಚಿ ತುಂಬಿದ್ದರು. ಅದರ ಮೇಲೆ ರಾಜಠೀವಿಯಿಂದ ಒಂದು ಕುರಿ ಕೂತಿತ್ತು.

"ನೋಡವ್ವ ನಿನ್ನ ಕುರಿ ಸೊಕ್ಕು," ಎಂದ ಓಬಳೇಶ್. "ಬಟ್ಟೆ ಹಾಸಿ ಗಾಳಿ ತೆಗೀತಾ ಇದ್ವಿ. ಗುಡ್ಡದ ಕಡೆಯಿಂದ ಒಬ್ಬಳೇ ಬಂದು ಮಧ್ಯಕ್ಕೆ ಮಲಗಿಬಿಟ್ಲು. ಎತ್ತಿ ಆಚೆ ಬಿಟ್ಟು ಬಟ್ಟೆ ಮಡಚಿದ್ರೆ ಮತ್ತೆ ಅದರ ಮೇಲೇ ಬಂದು ಕುಂತ್ಲು."

ನಿರಂಜನ್ ಅದನ್ನು ಎತ್ತಿ ಕೆಳಗೆ ಬಿಟ್ಟ. ಬರಗೇರಮ್ಮ ಏನೋ ಹೇಳಲು ಹೋದಳು, ದನಿ ಹೊರಡಲಿಲ್ಲ. ಮಡಿಲಿನಿಂದ ಮರಿಯೇ ಜಾರಿ, ತಡವರಿಸುತ್ತ ಓಡಿ, ತಾಯಿಯ ಹೊಟ್ಟೆಯ ಕೆಳಗೆ ತಲೆ ತೂರಿಸಿತು. ರೊಪ್ಪದಲ್ಲಿ ಈಗ ಒಂದು ಮರಿಯೂ ಅರಚುತ್ತಿರಲಿಲ್ಲ. ಕಪ್ಪು ಕಿವಿಯ ಮರಿಯ ಬಾಲ ಪಟಪಟನೆ ಆಡುತ್ತಿತ್ತು.