ಹೆತ್ತವಳ ಬೆನ್ನು, ಕಂಪ್ಯೂಟರಿನ ಬೆನ್ನು

ನಾನು ಕಾಲು ಮುಂದಾಗಿ ಹುಟ್ಟಿದವನು. ನಮ್ಮ ಕೊಟ್ಟೂರಿನ ಕಡೆ ಅದೊಂದು ಡಿಗ್ರಿ ಇದ್ದ ಹಾಗೆ. ಹಾಗೆ ಹುಟ್ಟಿದವನ ಕಾಲು ಸೋಕಿದರೆ ಹಿಡಿದುಕೊಂಡ ನಡ ಬಿಡುತ್ತದೆ ಎಂದು ಜನ ನಂಬಿದ್ದರು, ಈಗಲೂ ನಂಬುತ್ತಾರೆ. ನಾನು ಕನ್ನಡ ಶಾಲೆಗೆ ಹೋಗುತ್ತಿದ್ದಾಗಿನಿಂದಲೇ ಕೂಡ್ಲಿಗಿ ಕಡೆಯ ಕುರಿ ಕಾಯುವವರು, ಹರಪನಹಳ್ಳಿಯ ಮೆಕ್ಕೆಜೋಳದ ಹಮಾಲರು ಸೊಂಟಕ್ಕೆ ಕೈ ಕೊಟ್ಟುಕೊಂಡು ನಮ್ಮ ಮನೆ ಹುಡುಕಿಕೊಂಡು ಬರುತ್ತಿದ್ದರು. ಬಂದವರು ಪಡಸಾಲೆಯಲ್ಲಿ ಬೋರಲು ಮಲಗಬೇಕು, ನಾನು ಎಡಗಾಲಿನಿಂದ ಅವರ ಬೆನ್ನನ್ನು ಮೇಲಿನಿಂದ ಕೆಳಕ್ಕೆ ಸವರಬೇಕು. ಎದ್ದವರು ಹಗುರಾಯಿತು ಎಂದು ಹೇಳಿ ಒಂದು ತೆಂಗಿನಕಾಯಿ ಇಟ್ಟು ಹೋಗುತ್ತಿದ್ದರು. ನನಗೆ ಇದು ಒಂಚೂರೂ ಸೇರುತ್ತಿರಲಿಲ್ಲ. ಗೋಲಿ ಆಡುತ್ತಿದ್ದವನನ್ನು ಎಳೆದು ತಂದು, ಯಾರದೋ ಬೆವರಿನ ಬೆನ್ನಿನ ಮೇಲೆ ಕಾಲಿಡು ಎಂದರೆ ಯಾರಿಗೆ ಖುಷಿಯಾದೀತು? ಅವ್ವ ಬಿಡುತ್ತಿರಲಿಲ್ಲ. ನೊಂದು ಬಂದವರನ್ನು ಹಾಗೇ ಕಳಿಸಬಾರದು ಎನ್ನುತ್ತಿದ್ದಳು.

ಅವ್ವನ ನಡವೇ ಸರಿ ಇರಲಿಲ್ಲ. ನನ್ನನ್ನು ಹೆತ್ತಾಗ ಹೋದದ್ದು ಎಂದು ಓಣಿಯ ಹೆಂಗಸರು ಹೇಳುತ್ತಿದ್ದರು. ಆಕೆ ಒಮ್ಮೆಯೂ ಹೇಳಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಬಸ್ ಸ್ಟ್ಯಾಂಡಿನ ಹತ್ತಿರ ಖಾನಾವಳಿ ನಡೆಸುತ್ತಿದ್ದಳು. ಒಲೆಯ ಮುಂದೆ ನೆಲದ ಮೇಲೆ ಕೂತು, ಮುಂದಕ್ಕೆ ಬಾಗಿ ರೊಟ್ಟಿ ಬಡಿದು, ಬಾಗಿದ ಹಾಗೆಯೇ ಪಕ್ಕಕ್ಕೆ ತಿರುಗಿ ಹಂಚಿಗೆ ಹಾಕುವುದು, ಮತ್ತೆ ಈ ಕಡೆ ತಿರುಗಿ ಹಿಟ್ಟು ಹಿಡಿಯುವುದು. ಬೆಳಗಿನಿಂದ ಮಧ್ಯಾಹ್ನದವರೆಗೆ ಇದೇ ಕೆಲಸ. ಹಡಗಲಿಗೆ ಹೋಗುವ ಬಸ್ಸಿನ ಡ್ರೈವರುಗಳು ಆಕೆಯ ರೊಟ್ಟಿಗಾಗಿಯೇ ಗಾಡಿ ತಡ ಮಾಡುತ್ತಿದ್ದರು. ಅದನ್ನು ಹೇಳುವಾಗ ಮಾತ್ರ ಆಕೆಯ ಮುಖದಲ್ಲಿ ಜಂಬ ಕಾಣುತ್ತಿತ್ತು.

ಊರವರ ಬೆನ್ನಿಗೆಲ್ಲ ಕಾಲಿಟ್ಟ ನಾನು ಆಕೆಯ ಬೆನ್ನಿಗೆ ಇಡಲಿಲ್ಲ. ಇಡುವ ಹಾಗಿರಲಿಲ್ಲ. ಹೆತ್ತವಳಿಗೆ ಕಾಲು ತಾಗಿದರೆ ಪಾಪ. ನಿದ್ದೆಗಣ್ಣಿನಲ್ಲಿ ತಾಗಿದರೂ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಇಂಥ ಶಾಸ್ತ್ರ ಯಾರು ಮಾಡಿದರೋ, ಅವರ ಮನೆ ಹಾಳಾಗ. ಯಾರನ್ನು ಹೆತ್ತು ಆಕೆಯ ನಡ ಹೋಯಿತೋ ಅವನ ಕಾಲು ಆಕೆಯೊಬ್ಬಳಿಗೇ ನಿಷೇಧವಾಗಿತ್ತು.

ಎರಡು ಸಾವಿರದ ಇಸವಿಯ ಆಚೀಚೆ, ನಾನು ಎಂ.ಟೆಕ್. ಸೇರಿದ ವರ್ಷ, ಆಕೆಯ ಕಾಲು ಜೋಮು ಹಿಡಿದು ಎಳೆಯತೊಡಗಿತು. ನಗರದ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಕೆಳಬೆನ್ನಿನ ಒಂದು ಮಣಿ ಇನ್ನೊಂದರ ಮೇಲಿಂದ ಜಾರಿದೆ, ಸ್ಕ್ರೂ ಹೊಡೆದು, ಸರಳು ಕೂಡಿಸಿ, ನಡುವೆ ಎಲುಬು ತುಂಬಿ ಎರಡನ್ನೂ ಒಂದೇ ಮಾಡಬೇಕು ಎಂದರು. ಮಾಡಿದರು. ಕಾಲಿನ ಎಳೆತ ನಿಂತಿತು, ಸುಳ್ಳು ಹೇಳಬಾರದು. ಆದರೆ ಮನೆಗೆ ಕಳಿಸುವಾಗ, ಇನ್ನು ನೆಲದ ಮೇಲೆ ಕೂರಬೇಡಿ, ಬಾಗಬೇಡಿ ಎಂದು ಹೇಳಿ ಮುಂದಿನ ಪೇಷಂಟನ್ನು ಕರೆದರು. ಅವ್ವ ಎದ್ದು ಹೋಗಲಿಲ್ಲ.

"ಒಲಿ ಮುಂದ ಯಾವಾಗ ಕುಂದರ್ಲಿ, ಅಷ್ಟ ಹೇಳ್ರಿ" ಎಂದಳು.

ಡಾಕ್ಟರು ನಕ್ಕರು. ನಿಂತು ಅಡುಗೆ ಮಾಡುವುದನ್ನು ಕಲಿಯಿರಿ, ಈಗ ಎಲ್ಲರೂ ಹಾಗೇ ಮಾಡುತ್ತಾರೆ ಎಂದರು.

ಆಕೆ ಕಲಿಯಲು ನೋಡಿದಳು. ಪಕ್ಕದ ವೆಲ್ಡಿಂಗ್ ಅಂಗಡಿಯ ಸಾಹೇಬರು ಆಕೆಯ ಎತ್ತರಕ್ಕೆ ಅಳತೆ ಹಿಡಿದು ಕಬ್ಬಿಣದ ಮೇಜು ಮಾಡಿಕೊಟ್ಟರು. ನಿಂತು ಬಡಿದ ರೊಟ್ಟಿ ನಡುವೆ ದಪ್ಪ, ಅಂಚಿಗೆ ಹರುಕು. ತಿನ್ನುವವರು ಮರ್ಯಾದೆಗೆ ಸುಮ್ಮನಿದ್ದರು. ಕೊನೆಗೆ ಒಬ್ಬ ಹೆಂಗಸನ್ನು ಕೆಲಸಕ್ಕಿಟ್ಟು, ಅವ್ವ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಅವಳು ಬಡಿಯುವುದನ್ನು ನೋಡತೊಡಗಿದಳು. ಆ ಕುರ್ಚಿಯಲ್ಲಿ ಕೂತ ಅವ್ವನನ್ನು ನೋಡಿದರೆ ನನಗೆ ಮೈ ಉರಿಯುತ್ತಿತ್ತು.

ಅದೇ ಉರಿಯಲ್ಲಿ ನನ್ನ ಪ್ರಾಜೆಕ್ಟಿಗೆ ಈ ವಿಷಯ ಆರಿಸಿಕೊಂಡೆ: ಸ್ಕ್ರೂ ಹಾಕಿ ಕೂಡಿಸಿದ ಕೆಳಬೆನ್ನಿನ ಕಂಪ್ಯೂಟರ್ ಮಾಡೆಲ್. ಒಲೆಯ ಮುಂದೆ ಆಕೆ ಮತ್ತೆ ಕೂರಬಹುದೋ ಇಲ್ಲವೋ ಎಂಬುದು ನನಗೆ ಗೊತ್ತಾಗಬೇಕಿತ್ತು, ಬೇರೇನೂ ಬೇಕಿರಲಿಲ್ಲ. ಆರೋಗ್ಯವಂತ ಯುವಕನೊಬ್ಬನ ಸ್ಕ್ಯಾನಿನಿಂದ ಮಣಿಗಳ ಆಕಾರ ತೆಗೆದುಕೊಂಡು, ಅವನ್ನು ಸಾವಿರಾರು ಚೂರುಗಳಾಗಿ ಒಡೆದು, ಗಟ್ಟಿ ಎಲುಬಿಗೆ ಇಷ್ಟು ಬಿಗುಪು, ನಡುವಿನ ಮೆತ್ತನೆಯ ಗಾದಿಗೆ ಇಷ್ಟು ಎಂದು ಕೊಡಬೇಕು. ಆಮೇಲೆ ಮೇಲಿನಿಂದ ಭಾರ ಹೇರಿ ಬಾಗಿಸಿದರೆ ಯಾವ ಚೂರಿಗೆ ಎಷ್ಟು ಒತ್ತಡ ಬೀಳುತ್ತದೆ ಎಂದು ಕಂಪ್ಯೂಟರ್ ಬಣ್ಣದಲ್ಲಿ ತೋರಿಸುತ್ತದೆ. ನೀಲಿ ಇದ್ದಲ್ಲಿ ಸುಖ, ಕೆಂಪು ಇದ್ದಲ್ಲಿ ಸಂಕಟ. ಲೆಕ್ಕ ಅರ್ಧ ನಡೆದಾಗ ಕರೆಂಟು ಹೋದರೆ ಮತ್ತೆ ಮೊದಲಿನಿಂದ. ನಮ್ಮ ಕಾಲೇಜಿನಲ್ಲಿ ಕರೆಂಟು ಯಾವಾಗಲೂ ಲೆಕ್ಕ ಅರ್ಧ ನಡೆದಾಗಲೇ ಹೋಗುತ್ತಿತ್ತು.

ಮುಂದೆ ಬಾಗಿಸು, ಹಿಂದೆ ಬಾಗಿಸು, ಪಕ್ಕಕ್ಕೆ ಬಾಗಿಸು, ತಿರುಚು: ಒಂದೊಂದನ್ನೂ ಬೇರೆ ಬೇರೆ ಮಾಡಿ ಹೊರದೇಶದವರ ಲೆಕ್ಕಕ್ಕೆ ಹೋಲಿಸುವುದು ರೂಢಿ. ಅವರು ಅಲ್ಲಿ ಸತ್ತವರ ಬೆನ್ನೆಲುಬನ್ನು ಯಂತ್ರಕ್ಕೆ ಕಟ್ಟಿ ಅಳೆದಿದ್ದರು. ಆ ಸತ್ತವರು ಯಾರೂ ಜೀವಮಾನದಲ್ಲಿ ನೆಲದ ಮೇಲೆ ಕೂತು ರೊಟ್ಟಿ ಬಡಿದವರಲ್ಲ. ಬಾಗುವುದು, ತಿರುಚುವುದು ಎರಡನ್ನೂ ಒಟ್ಟಿಗೆ ಹಾಕುತ್ತೇನೆ, ಕಾಲು ಮಡಿಚಿ ಕೂತವಳ ಬೆನ್ನು ಎಷ್ಟು ಬಾಗಿರುತ್ತದೋ ಅಷ್ಟು ಬಾಗಿಸುತ್ತೇನೆ ಎಂದು ಗೈಡಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ರೊಟ್ಟಿ ಬಡಿಯೋದು ಯಾವ ಪೇಪರಿನ್ಯಾಗ ಐತ್ರಿ? ನೀವು ಅದನ್ನ ಯಾವುದಕ್ಕ ಹೋಲಸ್ತೀರಿ?"

ಅವರ ಮಾತು ನ್ಯಾಯವಾದದ್ದೇ, ಅದಕ್ಕೇ ಸಿಟ್ಟು ಜಾಸ್ತಿ ಬಂತು. ಥೀಸಿಸ್ಸಿನಲ್ಲಿ ಅವರಿಗೆ ಬೇಕಾದದ್ದನ್ನು ಬರೆದು ಕೊಟ್ಟೆ. ಅದು ಮುಗಿದ ಮೇಲೆ, ಲ್ಯಾಬಿನವನಿಗೆ ಚಹಾ ಕುಡಿಸಿ, ನನ್ನ ರೊಟ್ಟಿಯ ಲೆಕ್ಕ ಹಾಕಿದೆ. ಸ್ಕ್ರೂ ಹಾಕಿದ ಜಾಗ ಅಲುಗಲೇ ಇಲ್ಲ. ಅದು ಬಾಗದೆ ಬಿಟ್ಟ ಬಾಗನ್ನೆಲ್ಲ ಅದರ ಮೇಲಿನ ಕೀಲು ಒಂದೇ ಹೊತ್ತುಕೊಂಡಿತ್ತು. ಅಲ್ಲಿ ಬಣ್ಣ ಕೆಂಪಾಗಿ, ಥೀಸಿಸ್ಸಿನ ಯಾವ ಚಿತ್ರದಲ್ಲೂ ಇಲ್ಲದಷ್ಟು ಹರಡಿತ್ತು. ಒಂದೇ ಮನೆಯಲ್ಲಿ ಒಬ್ಬ ಮೈಗಳ್ಳನಾದರೆ ಪಕ್ಕದಲ್ಲಿ ಇದ್ದವನು ಸಾಯಬೇಕಲ್ಲ, ಹಾಗೆ.

ಅಷ್ಟರಲ್ಲಿ ಅವ್ವ ಕುರ್ಚಿ ಬಿಟ್ಟು ನೆಲಕ್ಕೆ ಇಳಿದಾಗಿತ್ತು. ಕೆಲಸದ ಹೆಂಗಸು ನೆಂಟರ ಮದುವೆಗೆಂದು ಹಗರಿಬೊಮ್ಮನಹಳ್ಳಿಗೆ ಹೋದಾಗ ಒಲೆಯ ಮುಂದೆ ಕೂತ ಅವ್ವ ಮತ್ತೆ ಆ ಜಾಗ ಬಿಟ್ಟುಕೊಡಲಿಲ್ಲ. ರೊಟ್ಟಿ ಮೊದಲಿನ ಹಾಗಾಯಿತು, ಡ್ರೈವರುಗಳು ವಾಪಸು ಬಂದರು, ನೋವೂ ವಾಪಸು ಬಂತು. ಹಳೆಯ ಜಾಗದಲ್ಲಲ್ಲ, ಅದರ ಎರಡು ಬೆರಳು ಮೇಲೆ. ನಾನು ಆ ಕೆಂಪು ಚಿತ್ರ ಹಿಡಿದುಕೊಂಡು ಡಾಕ್ಟರರ ಹತ್ತಿರ ಹೋದೆ. ಅವರು ಅದನ್ನು ಪಕ್ಕಕ್ಕಿಟ್ಟು ಎಕ್ಸ್‌ರೇ ಎತ್ತಿ ಬೆಳಕಿಗೆ ಹಿಡಿದರು. ಎಲುಬು ಚೆನ್ನಾಗಿ ಕೂಡಿಕೊಂಡಿದೆ, ಆಪರೇಷನ್ ಸಕ್ಸಸ್ ಎಂದರು. ನೋವು ತಡೆಯಲಾಗದಿದ್ದರೆ ಮೇಲಿನದನ್ನೂ ಕೂಡಿಸೋಣ ಎಂದರು. ಆಮೇಲೆ ಅದರ ಮೇಲಿನದನ್ನೂ ಕೂಡಿಸುವುದೇ ಎಂದು ಕೇಳಿದೆ. ಅವರಿಗೆ ನನ್ನ ದನಿ ಹಿಡಿಸಲಿಲ್ಲ.

ಮನೆಗೆ ಬಂದು ಚಿತ್ರವನ್ನು ಅವ್ವನಿಗೂ ತೋರಿಸಿದೆ. ಹಿಟ್ಟಿನ ಕೈ ತಾಗದ ಹಾಗೆ ದೂರದಿಂದ ನೋಡಿ, ಬಣ್ಣ ಚಲೋ ಐತಿ ಎಂದಳು. ನೆಲದ ಮೇಲೆ ಕೂರಬೇಡವ್ವ ಎಂದು ಹೇಳಲು ಬಂದವನು ನಾನು. ಹೇಳಿದೆ ಕೂಡ. ಮತ್ತೆ ಕುರ್ಚಿಗೆ ಹೋಗುವುದಿಲ್ಲ, ಇನ್ನೊಂದು ಸಲ ಕೊಯ್ಯಿಸಿಕೊಳ್ಳುವುದೂ ಇಲ್ಲ ಎಂದು ಖಡಾಖಂಡಿತವಾಗಿ ಹೇಳಿಬಿಟ್ಟಳು. ಆಮೇಲೆ ಕೈ ತೊಳೆದು ಬಂದು, ಬಾಗಿಲು ಮುಂದೆ ಮಾಡಿ, ಪಡಸಾಲೆಯಲ್ಲಿ ಚಾಪೆ ಹಾಸಿದಳು.

"ಊರ ಮಂದಿಗೆಲ್ಲ ಇಟ್ಟಿ. ನನಗೂ ಒಂದ್ಸಲ ಇಡು. ಪಾಪ ಬಂದ್ರ ನನಗ ಬರ್ಲಿ."

ಆಕೆ ಬೋರಲು ಮಲಗಿದಳು. ನನ್ನ ಕಾಲಿನ ಭಾರವನ್ನು ನಾನು ಎಂದೋ ಆ ಮಾಡೆಲ್ಲಿನ ಮೇಲೆ ಹಾಕಿ ನೋಡಿದ್ದೆ. ಸುಮ್ಮನೆ ಸವರಿದರೆ ಒಂದು ಚೂರಿನ ಬಣ್ಣವೂ ಬದಲಾಗುವುದಿಲ್ಲ. ಕೆಡುವುದೂ ಇಲ್ಲ, ಸರಿಹೋಗುವುದೂ ಇಲ್ಲ. ಅದು ಗೊತ್ತಿದ್ದೇ ಕಾಲಿಟ್ಟೆ. ಸೀರೆಯ ಕೆಳಗೆ ಕೊಯ್ದು ಹೊಲಿದ ಗೆರೆ ಪಾದಕ್ಕೆ ಸಿಕ್ಕಿತು. ಊರವರ ಬೆನ್ನುಗಳ ಮೇಲೆ ಬೇಸರದಿಂದ ಓಡಾಡಿದ ಕಾಲು ಅಲ್ಲಿ ಇಂಚಿಂಚಾಗಿ ಇಳಿಯಿತು. ನಾನು ಅತ್ತೆ, ಆಕೆಗೆ ಕಾಣಲಿಲ್ಲ.

ಅವ್ವ ತಟ್ಟನೆ ಎದ್ದು ಕೂತಳು. "ಬಿಡ್ತು ನೋಡು" ಎಂದಳು.

ಅಂದಿನಿಂದ ಆಕೆ ನೋವಿನ ಮಾತೇ ಎತ್ತಲಿಲ್ಲ. ಎತ್ತಿದರೆ ಮಗನ ಕಾಲು ಸುಳ್ಳಾಗುತ್ತದೆ, ಪಾಪವೊಂದೇ ಉಳಿಯುತ್ತದೆ. ಗುಳಿಗೆ ತಂದುಕೊಟ್ಟರೆ, ಯಾಕೆ, ನನಗೇನಾಗಿದೆ ಎಂದು ವಾಪಸು ಕೊಡುತ್ತಿದ್ದಳು. ರಜೆಯಲ್ಲಿ ಊರಿಗೆ ಹೋದಾಗ ನಾನು ಒಲೆಯ ಹತ್ತಿರ ಕೂತು ಬಿಸಿ ರೊಟ್ಟಿ ತಿನ್ನುತ್ತಿದ್ದೆ. ಬಡಿಯುವುದು ಮುಗಿದು, ಒಲೆ ಆರಿ, ಹಿಟ್ಟು ನಾದುವ ಕೊಣಮಿಗೆ ತೊಳೆದು ಒರಗಿಸಿಟ್ಟರೂ ಆಕೆ ಕೂತೇ ಇರುತ್ತಿದ್ದಳು. ಅದೂ ಇದೂ ಮಾತಾಡುತ್ತಾ ನನ್ನ ಮುಖ ನೋಡುತ್ತಿದ್ದಳು. ನಾನು ಏನೋ ನೆಪ ಹೇಳಿ ಹೊರಗೆ ಹೋಗುತ್ತಿದ್ದೆ. ನಾನು ಹೋಗದೆ ಆಕೆ ಏಳುತ್ತಿರಲಿಲ್ಲ.