ಕಂಪ್ಯೂಟರ್ ಕಾಯುತ್ತಿದ್ದ ರಕ್ತಪರೀಕ್ಷೆ

ರೋಗಿ ದಿಲ್ಲಿ ಬಳಿಯ ಮಾನೇಸರ್‌ನ ಕಾರ್ಖಾನೆಯೊಂದರ ವೆಲ್ಡರ್. ಅಂಗೈಯ ಗಾಯ ಕೀವುಗಟ್ಟಿತ್ತು. ಏದುಸಿರು ಬಿಡುತ್ತಿದ್ದ. ಪಕ್ಕದಲ್ಲೇ ನಿಂತಿದ್ದ ಹೆಂಡತಿಯ ಹೆಸರು ಅವನಿಗೆ ನೆನಪಾಗಲಿಲ್ಲ. ರಕ್ತದ ನಂಜನ್ನು ಬೇಗ ಪತ್ತೆಹಚ್ಚಲೆಂದು ನಾನು ಆ ಆಸ್ಪತ್ರೆಯಲ್ಲಿ ಪ್ರಯೋಗಕ್ಕಿಟ್ಟಿದ್ದ ಪ್ರೋಗ್ರಾಂ ಅವನಿಗೆ ‘ಅಪಾಯವಿಲ್ಲ’ ಎಂದಿತ್ತು.

ವಾರ್ಡಿನ ಮಲಯಾಳಿ ಸಿಸ್ಟರ್ ಪರದೆಯತ್ತ ನೋಡಲೂ ಇಲ್ಲ. ಡಾಕ್ಟರಿಗೆ ಹೇಳಿ, ನಂಜಿನ ತೀವ್ರತೆ ತೋರಿಸುವ ಲ್ಯಾಕ್ಟೇಟ್ ಪರೀಕ್ಷೆಗೆ ರಕ್ತ ತೆಗೆದರು. ಫಲಿತಾಂಶ ದಾಖಲಾದೊಡನೆ ಪರದೆ ‘ಅಪಾಯ’ ಎಂದು ಕೆಂಪಾಯಿತು.

“ನೋಡಿ, ಹಿಡಿಯಿತು!” ಎಂದೆ.

“ಅಚ್ಛಾ? ಹಿಡಿದದ್ದು ಯಾರು, ಭಯ್ಯಾ?” ಎಂದರು ಸಿಸ್ಟರ್. “ ನಮಗೆ ಅನುಮಾನ ಬಂದವರಿಗೆ ಮಾತ್ರ ಈ ಟೆಸ್ಟ್ ಮಾಡಿಸುತ್ತೇವೆ. ನಮ್ಮ ಅನುಮಾನವನ್ನೇ ಇದು ನಮಗೆ ಓದಿ ಹೇಳುತ್ತದೆ.”

ಹಳೆಯ ದಾಖಲೆಗಳನ್ನು ತೆಗೆದು ಪರಿಶೀಲಿಸಿದೆ. ಪ್ರೋಗ್ರಾಂ ಕಲಿತದ್ದು ಅಷ್ಟನ್ನೇ: ಆ ಪರೀಕ್ಷೆ ನಡೆದಿದ್ದರೆ ಅಪಾಯ, ನಡೆಯದಿದ್ದರೆ ಕ್ಷೇಮ. ನಮ್ಮ ಕಂಪನಿಯ ಮುಖ್ಯಸ್ಥರಿಗೆ ತಿಳಿಸಿದೆ. “ಕೆಂಪಾಯಿತಲ್ಲ, ಸಾಕು,” ಎಂದರು. ವೆಲ್ಡರ್ ಬದುಕಿದ, ವರದಿಯಲ್ಲಿ ನಮ್ಮ ಯಶಸ್ಸಾದ. ಸಿಸ್ಟರ್ ಹೆಸರು ಅದರಲ್ಲಿ ಎಲ್ಲಿಯೂ ಇರಲಿಲ್ಲ.

ಆದ್ದರಿಂದ ಇದನ್ನು ನಿಮ್ಮವರಿಗೆಲ್ಲ ತಲುಪಿಸಿ: ಸೋಂಕು ತಗಲಿದವರು ಏದುಸಿರು ಬಿಡುತ್ತ ಅಸಂಬದ್ಧವಾಗಿ ಮಾತಾಡಿದರೆ, ಪರದೆ ಏನೇ ಹೇಳಲಿ, ರಕ್ತಪರೀಕ್ಷೆಗೆ ಹಠ ಹಿಡಿಯಿರಿ. ನೀವು ಹೆದರಿದ ಮೇಲಷ್ಟೇ ಕಂಪ್ಯೂಟರಿಗೆ ಗೊತ್ತಾಗುತ್ತದೆ.